ಅಡುಗೆಮನೆ ಬಾಕ್ಸ್‌ಗಳು ಬಂದಿವೆ, ನಾನೇ ಕೂರಿಸುತ್ತಿದ್ದೇನೆ. ಕೆಲಸ ಎಲ್ಲಿಂದ ಶುರು ಮಾಡಲಿ?

ಕೈಕೆಲಸ_ಖುಷಿ

ಎಲ್ಲರಿಗೂ ನಮಸ್ಕಾರ. ಹಳೇ ಅಡುಗೆಮನೆಯನ್ನು ಪೂರ್ತಿ ಕಳಚಿ ಆಯ್ತು. ಈಗ ಬರೀ ಗೋಡೆ, ನೆಲ, ನೀರಿನ ಪೈಪ್, ಡ್ರೇನ್ ಬಾಯಿ ಉಳಿದಿವೆ. ಹೊಸ ಕ್ಯಾಬಿನೆಟ್‌ಗಳು ಬಿಡಿ ಭಾಗಗಳಾಗಿ ಬಂದು ಹಾಲ್ ತುಂಬಾ ಕೂತಿವೆ. ಜೋಡಿಸಿ ಕೂರಿಸುವ ಕೆಲಸ ನಾನು ಮತ್ತು ನನ್ನ ತಮ್ಮ ಸೇರಿ ಮಾಡಬೇಕು ಅಂತ ತೀರ್ಮಾನ ಮಾಡಿದ್ದೇವೆ. ಕಪಾಟು, ಮೇಜು ಮಾಡಿ ಅಭ್ಯಾಸ ಇದೆ. ಅಡುಗೆಮನೆ ಇದೇ ಮೊದಲು.

ಎಲ್ ಆಕಾರ. ಉದ್ದದ ಗೋಡೆಯ ಮೇಲೆ ಮೂಲೆಯಿಂದ ಹೊರಟರೆ 900 ಮಿ.ಮೀ ಮೂಲೆ ಬಾಕ್ಸ್, 600 ಸಿಂಕ್, 600 ಡಿಶ್‌ವಾಷರ್ ಜಾಗ, 400 ಡ್ರಾಯರ್, 450 ಶಟರ್ (ಅಂದರೆ ಬಾಗಿಲಿನ ಬಾಕ್ಸ್). ಒಟ್ಟು 2950. ಇನ್ನೊಂದು ಗೋಡೆಗೆ ಅದೇ ಮೂಲೆ ಬಾಕ್ಸ್‌ನ 900, ಆಮೇಲೆ 600, 600. ಆ ಕಡೆ ಕೊನೆ ತೆರೆದಿದೆ, ಗೋಡೆ ಇಲ್ಲ. ಮೇಲೆ 5 ಬಾಕ್ಸ್. ಎಲ್ಲಾ 18 ಮಿ.ಮೀ ಪಾರ್ಟಿಕಲ್ ಬೋರ್ಡ್. ಕೌಂಟರ್ ಹಲಗೆ 38 ಮಿ.ಮೀ ಲ್ಯಾಮಿನೇಟ್. ಒಲೆ ಇಂಡಕ್ಷನ್, ಗ್ಯಾಸ್ ಇಲ್ಲ.

ಉದ್ದದ ಗೋಡೆಯನ್ನು ಮೂರು ಎತ್ತರದಲ್ಲಿ ಅಳೆದೆ. ನೆಲದ ಹತ್ತಿರ 3012, ಸೊಂಟದ ಮಟ್ಟಕ್ಕೆ 3004, ಮೇಲೆ 2996. ಒಂದೇ ಗೋಡೆ, ಮೂರು ಅಳತೆ! ಈಗ ಪ್ರಶ್ನೆ. ಒಬ್ಬರು ಮೂಲೆಯಿಂದ ಶುರು ಮಾಡು ಅಂದರು. ಇನ್ನೊಬ್ಬರು ನೆಲದ ಎತ್ತರದ ಜಾಗದಿಂದ ಶುರು ಮಾಡು ಅಂದರು. ಯಾವುದು ಸರಿ?

ಮೂಲೆಮನೆ

ಮೂಲೆಯಿಂದಲೇ ಶುರು ಮಾಡಿ. ನಾನು ಎರಡು ವರ್ಷದ ಹಿಂದೆ ನನ್ನ ಅಡುಗೆಮನೆ ಒಬ್ಬಳೇ ಕೂರಿಸಿದೆ. ಮೇಲಿನ ಬಾಕ್ಸ್ ಎತ್ತುವಾಗ ಮಾತ್ರ ಅಕ್ಕ ಬಂದಿದ್ದಳು. ಮೂಲೆ ಬಾಕ್ಸ್ ಒಂದು ಸರಿಯಾಗಿ ಕೂತರೆ ಎರಡೂ ಗೋಡೆಯ ಸಾಲು ಅದನ್ನೇ ಹಿಡಿದು ಹೋಗುತ್ತವೆ. ತುದಿಯಿಂದ ಬಂದರೆ ಮೂಲೆಯಲ್ಲಿ ಸಾಲುಗಳು ಕೂಡುವುದಿಲ್ಲ.

ನಲ್ಲಿಕೆಲಸ

ನನ್ನ ಅನುಭವ ಬೇರೆ. ನೆಲದಲ್ಲಿ ಎತ್ತರದ ಜಾಗ ಎಲ್ಲಿದೆ ಅಂತ ಮೊದಲು ಹುಡುಕಿ, ಅಲ್ಲಿಂದಲೇ ಶುರು ಮಾಡಿ. ತಗ್ಗಿನಿಂದ ಶುರು ಮಾಡಿದ ಮನೆಗೆ ಒಮ್ಮೆ ಸಿಂಕ್ ಜೋಡಿಸಲು ಹೋಗಿದ್ದೆ. ತಗ್ಗಿನಲ್ಲಿ ಬಾಕ್ಸ್ ಕಾಲು ಪೂರ್ತಿ ಇಳಿಸಿದ್ದರು. ಎತ್ತರದ ಕಡೆ ಬಂದಾಗ ಕಾಲು ಇನ್ನೂ ಇಳಿಯಬೇಕಿತ್ತು, ಇಳಿಯಲು ಜಾಗವೇ ಇರಲಿಲ್ಲ. ಕೂರಿಸಿದ್ದೆಲ್ಲಾ ಬಿಚ್ಚಿದರು. ನೋಡಿ ಬೇಜಾರಾಯಿತು.

ಹಳೇಬಡಗಿ

ಇಬ್ಬರು ಹೇಳುವುದೂ ಸರಿ. ಇಲ್ಲಿ ಎರಡು ಬೇರೆ ವಿಷಯ ಒಂದಕ್ಕೊಂದು ಸೇರಿಕೊಂಡಿವೆ.

ಬಾಕ್ಸ್ ಇಡುವುದು ಮೂಲೆಯಿಂದ. ಎತ್ತರ ತೆಗೆದುಕೊಳ್ಳುವುದು ನೆಲದ ಎತ್ತರದ ಜಾಗದಿಂದ. ಇವೆರಡನ್ನೂ ಕೂಡಿಸುವುದು ಗೋಡೆಯ ಮೇಲಿನ ಒಂದು ಗೆರೆ. ಆ ಗೆರೆ ಹಾಕದೆ ಒಂದು ಬಾಕ್ಸನ್ನೂ ಒಳಗೆ ತರಬೇಡಿ. ಮೂವತ್ತು ವರ್ಷ ಈ ಕೆಲಸ ಮಾಡಿದವನು ಹೇಳುತ್ತಿದ್ದೇನೆ, ಅಡುಗೆಮನೆ ಕೂರುವುದು ನೆಲದ ಮೇಲಲ್ಲ, ಗೆರೆಯ ಮೇಲೆ.

ಹೇಗೆ ಅಂದರೆ, ಸೊಂಟಕ್ಕಿಂತ ಸ್ವಲ್ಪ ಮೇಲೆ ಎರಡೂ ಗೋಡೆಗೆ ಸುತ್ತ ಒಂದು ಮಟ್ಟದ ಗೆರೆ ಎಳೆಯಿರಿ. ಲೇಸರ್ ಲೆವೆಲ್ ಇದ್ದರೆ ಸಲೀಸು. ಇಲ್ಲದಿದ್ದರೆ ಪಾರದರ್ಶಕ ಟ್ಯೂಬ್‌ನಲ್ಲಿ ನೀರು ತುಂಬಿ ಮಟ್ಟ ಹಿಡಿಯಿರಿ. ಮೇಸ್ತ್ರಿಗಳು ಮಾಡುವುದು ಅದೇ ತಾನೇ. ಟ್ಯೂಬ್‌ನೊಳಗೆ ಗಾಳಿ ಗುಳ್ಳೆ ಇರಬಾರದು, ಅಷ್ಟೇ. ಚಿಕ್ಕ ರಸಮಟ್ಟ ಹಿಡಿದು ತುಂಡು ತುಂಡಾಗಿ ಗೆರೆ ಮುಂದುವರಿಸಬೇಡಿ. ಪ್ರತಿ ಸಲ ಕೂದಲೆಳೆ ತಪ್ಪಿದರೂ 3 ಮೀಟರ್ ಕೊನೆಗೆ ಹೋದಾಗ ಅದು ಕಣ್ಣಿಗೆ ಕಾಣುತ್ತದೆ.

ಗೆರೆ ಆದಮೇಲೆ ಪ್ರತಿ 30 ಸೆಂ.ಮೀಗೆ ಒಂದು ಸಲ ಗೆರೆಯಿಂದ ನೆಲಕ್ಕೆ ಅಳೆಯಿರಿ. ಗೋಡೆಯ ಬುಡದಲ್ಲಿ ಮಾತ್ರ ಅಲ್ಲ, ಬಾಕ್ಸ್‌ನ ಮುಂದಿನ ಕಾಲು ಬರುವ ಜಾಗದಲ್ಲೂ, ಅಂದರೆ ಗೋಡೆಯಿಂದ 50 ಸೆಂ.ಮೀ ಈಚೆಗೂ ನೋಡಿ. ಎಲ್ಲಿ ಅಳತೆ ಕಡಿಮೆ ಬರುತ್ತದೋ ಅಲ್ಲಿ ನೆಲ ಎತ್ತರ. ಅಲ್ಲಿಂದ ಸರಿಯಾಗಿ 1000 ಮಿ.ಮೀ ಎತ್ತರಕ್ಕೆ ಹೊಸ ಗೆರೆ ಎಳೆದು, ಹಳೇದನ್ನು ಅಳಿಸಿಬಿಡಿ. ಇನ್ನು ಮುಂದೆ ಎಲ್ಲಾ ಅಳತೆ ಈ ಗೆರೆಯಿಂದ. ನೆಲದಿಂದ ಅಳೆಯುವುದನ್ನು ಇವತ್ತಿಗೆ ಮರೆತುಬಿಡಿ.

ಕೈಕೆಲಸ_ಖುಷಿ

ಹಳೇಬಡಗಿ ಸರ್, ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಸಂಜೆ ಲೇಸರ್ ತಂದು ಗೆರೆ ಹಾಕಿದೆವು. ಎತ್ತರದ ಜಾಗ ಸಿಕ್ಕಿತು. ಎರಡನೇ ಗೋಡೆಯ ತೆರೆದ ತುದಿಯಲ್ಲಿದೆ. ತೀರಾ ತಗ್ಗು ಸಿಂಕ್ ಬರುವ ಕಡೆ. ಎರಡಕ್ಕೂ 14 ಮಿ.ಮೀ ವ್ಯತ್ಯಾಸ. ನಡೆಯುವಾಗ ಒಂದು ಚೂರೂ ಗೊತ್ತಾಗುವುದಿಲ್ಲ!

ಬಾಕ್ಸ್ ಎತ್ತರ 720. ಕಾಲು 100ರಿಂದ 130ರವರೆಗೆ ಏರುತ್ತದೆ. ಎತ್ತರದ ಜಾಗದಲ್ಲಿ ಕಾಲು 105 ಇಟ್ಟರೆ ತಗ್ಗಿನಲ್ಲಿ 119 ಆಗುತ್ತದೆ. ಅಲ್ಲಿಗೆ ಬಾಕ್ಸ್‌ನ ತಲೆ ಗೆರೆಗಿಂತ 175 ಕೆಳಗೆ ಬರುತ್ತದೆ. ಲೆಕ್ಕ ಸರಿ ಇದೆಯಾ?

ಹಳೇಬಡಗಿ

ಸರಿ ಇದೆ. 720ಕ್ಕೆ 105 ಸೇರಿದರೆ 825. 1000ದಲ್ಲಿ ಅದು ಕಳೆದರೆ 175. ಆ 175ರ ಕಡೆ ಇನ್ನೊಂದು ಗೆರೆ ಎಳೆಯಿರಿ. ಪ್ರತಿ ಬಾಕ್ಸ್‌ನ ತಲೆ ಅದಕ್ಕೆ ತಾಗಬೇಕು.

105ಕ್ಕೆ ಬದಲು ಪೂರ್ತಿ ಇಳಿಸಿ 100 ಇಡಬೇಡಿ. ಕೊನೆಗೆ ಒಂದೆರಡು ಮಿ.ಮೀ ಇಳಿಸುವ ಅವಕಾಶ ಬೇಕೇ ಬೇಕು.

ಮೂಲೆಮನೆ

ಎತ್ತರ ಗಟ್ಟಿ ಮಾಡುವ ಮೊದಲು ಯಾರು ಆ ಕಟ್ಟೆ ಮುಂದೆ ಜಾಸ್ತಿ ನಿಲ್ಲುತ್ತಾರೆ ಅಂತ ನೋಡಿ. ಅವರು ನೆಟ್ಟಗೆ ನಿಂತು ಮೊಣಕೈ ಮಡಿಸಲಿ. ಮೊಣಕೈಗಿಂತ 10ರಿಂದ 15 ಸೆಂ.ಮೀ ಕೆಳಗೆ ಕಟ್ಟೆ ಇದ್ದರೆ ಬೆನ್ನಿಗೆ ಹಿತ. ನಿಮ್ಮದು 825ಕ್ಕೆ 38 ಸೇರಿ 863 ಆಗುತ್ತದೆ. ನನಗೆ ಅಮ್ಮನ ಮನೆಯ ಕಟ್ಟೆ ತಗ್ಗು. ಅಲ್ಲಿ ಅರ್ಧ ಗಂಟೆ ನಿಂತರೆ ಸೊಂಟ ಹಿಡಿಯುತ್ತದೆ. ನನ್ನ ಮನೆಯದನ್ನು 890ಕ್ಕೆ ಏರಿಸಿಕೊಂಡ ಮೇಲೆ ಆ ಕಷ್ಟ ತಪ್ಪಿತು. ಮನೆಯವರೆಲ್ಲರನ್ನೂ ಒಂದು ಸಲ ನಿಲ್ಲಿಸಿ ಅಳೆಯಿರಿ. ಆಮೇಲೆ ಬದಲಾಯಿಸಲು ಆಗುವುದಿಲ್ಲ.

ಇನ್ನೊಂದು ಮಾತು. ಡಿಶ್‌ವಾಷರ್ ಕೈಪಿಡಿ ನೋಡಿದಿರಾ? ಕಟ್ಟೆ ಕೆಳಗೆ ಕೂರುವ ಯಂತ್ರಗಳಿಗೆ ಸಾಮಾನ್ಯವಾಗಿ 82 ಸೆಂ.ಮೀ ಹತ್ತಿರ ಎತ್ತರ ಬೇಕು.

ಕೈಕೆಲಸ_ಖುಷಿ

ಅಳೆದೆವು ಅಕ್ಕ. ನನ್ನ ಹೆಂಡತಿಯ ಮೊಣಕೈ 990ಕ್ಕೆ ಬರುತ್ತದೆ, ನನ್ನದು 1020. ಇಬ್ಬರಿಗೂ 863 ಹತ್ತಿರ ಹತ್ತಿರ ಸರಿ. ಡಿಶ್‌ವಾಷರ್ ಕೈಪಿಡಿಯಲ್ಲಿ ಕನಿಷ್ಠ 815 ಅಂತ ಇದೆ. ನಮ್ಮಲ್ಲಿ 825ಕ್ಕೆ ಕಡಿಮೆ ಎಲ್ಲೂ ಬರುವುದಿಲ್ಲ. ನೆಲದ ಟೈಲ್ಸ್ ಮಾತ್ರ ಬಾಕ್ಸ್ ಕೂತ ಮೇಲೆ ಹಾಕಿಸೋಣ ಅಂತಿದ್ದೆ.

ನಲ್ಲಿಕೆಲಸ

ದಯವಿಟ್ಟು ಹಾಗೆ ಮಾಡಬೇಡಿ. ಡಿಶ್‌ವಾಷರ್ ನಿಲ್ಲುವ ಜಾಗಕ್ಕಾದರೂ ಟೈಲ್ಸ್ ಮೊದಲು ಹೋಗಬೇಕು. ಯಂತ್ರ ಹಳೇ ನೆಲದ ಮೇಲೆ ನಿಂತು, ಅದರ ಮುಂದೆ ಟೈಲ್ಸ್ ಬಂದರೆ ಯಂತ್ರ ಗುಂಡಿಯಲ್ಲಿ ಸಿಕ್ಕಿಬೀಳುತ್ತದೆ. ಮೇಲೆ ಕೌಂಟರ್ ಹಲಗೆ, ಮುಂದೆ ಟೈಲ್ಸ್ ಅಂಚು. ಕೆಟ್ಟಾಗ ಹೊರಗೆ ಎಳೆಯಲು ಆಗದೆ ಹಲಗೆಯನ್ನೇ ಬಿಚ್ಚಿದ ಮನೆ ನೋಡಿದ್ದೇನೆ.

ಹಳೇಬಡಗಿ

ಹೌದು. ನೆಲ ಮೊದಲು ಮುಗಿಸಿ, ಆಮೇಲೆ ಗೆರೆ ಮತ್ತೆ ಹಾಕಿ. ಟೈಲ್ಸ್ ಬಂದ ಮೇಲೆ ನೆಲದ ಏರುತಗ್ಗು ಬದಲಾಗಿರುತ್ತದೆ. ಹಳೇ ಲೆಕ್ಕ ನಂಬಬೇಡಿ.

ಟೈಲ್ಸ್ ಒಣಗುವ ಹೊತ್ತಿಗೆ ವೈರಿಂಗ್ ಮತ್ತು ಪೈಪ್ ಜಾಗ ಗಟ್ಟಿ ಮಾಡಿಕೊಳ್ಳಿ. ಬಾಕ್ಸ್ ಕೂತ ಮೇಲೆ ಗೋಡೆ ಒಡೆಯುವ ಹಾಗಿಲ್ಲ. ಒಡೆಯುವ ಮುಂಚೆ, ಮುಚ್ಚುವ ಮುಂಚೆ ಟೇಪ್ ಇಟ್ಟು ಫೋಟೋ ತೆಗೆದಿಡಿ. ಪೈಪ್ ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಆ ಫೋಟೋದಲ್ಲೇ ಕಾಣಬೇಕು.

ತಂತಿಕೆಲಸ

ಈ ಚರ್ಚೆ ನೋಡುತ್ತಿದ್ದೆ. ವಿದ್ಯುತ್ ವಿಷಯ ಬಂತು, ಹೇಳಿಬಿಡುತ್ತೇನೆ.

ಇಂಡಕ್ಷನ್ ಒಲೆಗೆ ಬೋರ್ಡ್‌ನಿಂದ ಬೇರೆಯೇ ಲೈನ್ ಬೇಕು. 7 ಕಿಲೋವ್ಯಾಟ್ ಒಲೆ ಪೂರ್ತಿ ಉರಿದರೆ 230 ವೋಲ್ಟ್ ಇರುವ ಕಡೆ 30 ಆಂಪಿಯರ್ ಎಳೆಯುತ್ತದೆ. ಮಾಮೂಲಿ ಸಾಕೆಟ್ ಲೈನ್‌ನಲ್ಲಿ ಅದು ನಡೆಯುವುದೇ ಇಲ್ಲ, ವೈರ್ ಸುಡುತ್ತದೆ. ಈ ಒಂದು ಕೆಲಸ ಲೈಸೆನ್ಸ್ ಇರುವವರಿಗೆ ಕೊಡಿ. ನೀವು ಎಷ್ಟೇ ಜಾಣರಾಗಿರಿ, ಇದನ್ನು ಮುಟ್ಟಬೇಡಿ. ಗ್ಯಾಸ್ ಒಲೆ ಇರುವವರು ಇದನ್ನು ಓದುತ್ತಿದ್ದರೆ, ಗ್ಯಾಸ್ ಲೈನ್‌ಗೂ ಇದೇ ಮಾತು.

ಡಿಶ್‌ವಾಷರ್ ಸಾಕೆಟ್ ಯಂತ್ರದ ಬೆನ್ನ ಹಿಂದೆ ಬೇಡ. ಪಕ್ಕದ ಸಿಂಕ್ ಬಾಕ್ಸ್ ಒಳಗೆ, ಸಿಂಕ್ ಪೈಪ್‌ನಿಂದ ದೂರ, ಮೇಲ್ಭಾಗದಲ್ಲಿ ಬರಲಿ. ನೀರು ಸೋರಿದ ದಿನ ಯಂತ್ರ ಎಳೆಯದೆ ಸ್ವಿಚ್ ಆಫ್ ಮಾಡಲು ಆಗಬೇಕು, ಅಲ್ವಾ?

ಮೇಲಿನ ಬಾಕ್ಸ್‌ಗೆ ತೂತು ಕೊರೆಯುವಾಗಲೂ ಹುಷಾರು. ವೈರ್ ಸಾಮಾನ್ಯವಾಗಿ ಸ್ವಿಚ್, ಸಾಕೆಟ್‌ನಿಂದ ನೇರ ಮೇಲೆ ಅಥವಾ ನೇರ ಪಕ್ಕಕ್ಕೆ ಹೋಗಿರುತ್ತದೆ. ಆ ಎರಡೂ ದಾರಿ ಬಿಟ್ಟು ಕೊರೆಯಿರಿ. ಹಳೇ ಮನೆಗಳಲ್ಲಿ ಅಡ್ಡಾದಿಡ್ಡಿ ಹೋಗಿರುವುದೂ ಉಂಟು. ಡಿಟೆಕ್ಟರ್ ಇಟ್ಟು ನೋಡಿ. ಮೇನ್ ಆಫ್ ಮಾಡಿ ಬ್ಯಾಟರಿ ಡ್ರಿಲ್‌ನಲ್ಲಿ ಕೊರೆದರೆ ಇನ್ನೂ ಒಳ್ಳೆಯದು.

ಕೈಕೆಲಸ_ಖುಷಿ

ಎರಡು ವಾರ ಆಯ್ತು, ಕ್ಷಮಿಸಿ. ನೆಲ ಮುಗಿಯಿತು. ವೈರಿಂಗ್ ಮಾಡಿಸಿದೆ. ಗೆರೆ ಮತ್ತೆ ಹಾಕಿದೆವು. ಈಗ ವ್ಯತ್ಯಾಸ 6 ಮಿ.ಮೀ ಮಾತ್ರ. ಟೈಲ್ಸ್ ಹಾಕಿದವರು ಚೆನ್ನಾಗಿ ಮಾಡಿದ್ದಾರೆ.

ಬಾಕ್ಸ್ ಜೋಡಿಸುವುದು ಸುಲಭ ಇತ್ತು. ಹಿಂದಿನ ಹಲಗೆ ಹೊಡೆಯುವ ಮೊದಲು ಎರಡೂ ಕರ್ಣ ಅಳೆದೆವು. ಎರಡೂ ಒಂದೇ ಬಂದ ಮೇಲೆ ಮೊಳೆ ಹೊಡೆದೆವು. ತಮ್ಮನಿಗೆ ಈ ಕೆಲಸ ತುಂಬಾ ಹಿಡಿಸಿದೆ. ಒಂದೇ ದಿನದಲ್ಲಿ 11 ಬಾಕ್ಸ್ ನಿಂತವು.

ಆದರೆ ಮೂಲೆ ನೇರ ಇಲ್ಲ. ಒಂದು ಗೋಡೆಗೆ 600, ಇನ್ನೊಂದಕ್ಕೆ 800 ಗುರುತು ಹಾಕಿ ಓರೆಯಾಗಿ ಅಳೆದೆ. 1000 ಬರಬೇಕಿತ್ತು, 1003 ಬಂತು. ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾ?

ಹಳೇಬಡಗಿ

ಒಳ್ಳೆಯ ಪ್ರಶ್ನೆ. ಇದನ್ನು ಅಳೆಯುವವರು ತೀರಾ ಕಮ್ಮಿ.

3 ಮಿ.ಮೀ ಅಂದರೆ ಮೂಲೆ ಸ್ವಲ್ಪ ಬಾಯಿ ತೆರೆದಿದೆ ಅಂತ ಅರ್ಥ. ಚಿಕ್ಕದು ಅನಿಸುತ್ತದೆ. ಆದರೆ ನಿಮ್ಮ ಎರಡನೇ ಸಾಲು 2100 ಉದ್ದ ಇದೆ. ತುದಿಗೆ ಹೋಗುವಷ್ಟರಲ್ಲಿ ಗೋಡೆ 13 ಮಿ.ಮೀ ಹಿಂದೆ ಸರಿದಿರುತ್ತದೆ. ಆಗ ಎಲ್ಲರೂ ಮಾಡುವ ತಪ್ಪು ಏನು ಗೊತ್ತಾ? ಬಾಕ್ಸನ್ನು ಗೋಡೆಗೆ ತಳ್ಳುತ್ತಾರೆ. ಬಾಕ್ಸ್‌ಗಳ ಮಧ್ಯೆ ಮುಂದುಗಡೆ ಬಾಯಿ ಬಿಡುತ್ತದೆ, ಶಟರ್ ಸಾಲು ಸೊಟ್ಟ ಕಾಣುತ್ತದೆ.

ಮೂಲೆ ಬಾಕ್ಸನ್ನು ಉದ್ದದ ಗೋಡೆಗೆ ಸರಿಯಾಗಿ ಇಡಿ. ಎರಡನೇ ಸಾಲು ಆ ಬಾಕ್ಸ್‌ಗೆ ನೇರವಾಗಿ ಹೋಗಲಿ, ಗೋಡೆ ಎಲ್ಲಿಗಾದರೂ ಹೋಗಲಿ. ಮುಂದಿನ ಅಂಚುಗಳು ಒಂದೇ ಗೆರೆಯಲ್ಲಿ ಇರಬೇಕು. ಹುರಿ ಕಟ್ಟಿ ನೋಡಿ. ಹಿಂದೆ ಉಳಿಯುವ ಸಂದಿಗೆ ಮರದ ಬೆಣೆ ಇಟ್ಟು ಸ್ಕ್ರೂ ಹಾಕಿ. ಬೆಣೆ ಇಡದೆ ಬಿಗಿದರೆ ಸ್ಕ್ರೂ ಬಾಕ್ಸನ್ನು ಗೋಡೆಗೆ ಎಳೆದು ಸೊಟ್ಟ ಮಾಡುತ್ತದೆ.

ಈಗ ಕೌಂಟರ್ ಹಲಗೆ. ಬಾಕ್ಸ್ ಆಳ 560, ಶಟರ್ 18. ಮೂಲೆ ಕಡೆ 578 ಆಯಿತು, 600ರ ಹಲಗೆ 22 ಮುಂದೆ ಬರುತ್ತದೆ. ತುದಿಯಲ್ಲಿ 13 ಸೇರಿ 591 ಆಗುತ್ತದೆ. ಹಲಗೆಯನ್ನು ಗೋಡೆಗೆ ಒತ್ತಿದರೆ ಮುಂದೆ 9 ಮಾತ್ರ ಉಳಿಯುತ್ತದೆ. ಹಾಗೆ ಮಾಡಬೇಡಿ. ಮೂಲೆ ಕಡೆ ಹಿಂದಿನ ಅಂಚನ್ನು 2 ಮಿ.ಮೀ ಉಜ್ಜಿ ತೆಗೆದು, ಮುಂದೆ ಒಂದೇ ಸಮ 20 ಬರುವ ಹಾಗೆ ಹಲಗೆ ಇಡಿ. ತುದಿಯಲ್ಲಿ ಹಿಂದೆ 11 ಮಿ.ಮೀ ಸಂದಿ ಕಾಣುತ್ತದೆ. ಗೋಡೆ ಟೈಲ್ಸ್ ಇನ್ನೂ ಹಾಕಿಲ್ಲ ತಾನೇ? ಟೈಲ್ಸ್ 8, ಅಂಟು ಒಂದು 4. ಆ ಸಂದಿ ಅದರ ಕೆಳಗೆ ಮುಚ್ಚಿಹೋಗುತ್ತದೆ. ಇದಕ್ಕೇ ನಾನು ಗೋಡೆ ಟೈಲ್ಸ್ ಯಾವಾಗಲೂ ಹಲಗೆ ಕೂತ ಮೇಲೆ ಹಾಕಿಸುವುದು.

ಮೂಲೆಮನೆ

ಈ ವಿಷಯ ನನಗೆ ಆಗ ಗೊತ್ತಿದ್ದರೆ! ನಾನು ಟೈಲ್ಸ್ ಮೊದಲು ಹಾಕಿಸಿ, ಹಿಂದಿನ ಸಂದಿಗೆ ಪಟ್ಟಿ ಹೊಡೆಯಬೇಕಾಯಿತು. ಈಗಲೂ ಆ ಪಟ್ಟಿ ಕಂಡರೆ ಮನಸ್ಸಿಗೆ ಚುಚ್ಚುತ್ತದೆ.

ಮೇಲಿನ ಬಾಕ್ಸ್ ಮೊದಲು ಹಾಕಿಬಿಡಿ. ಕೆಳಗೆ ಏನೂ ಇಲ್ಲದಿದ್ದರೆ ಗೋಡೆ ಹತ್ತಿರವೇ ಏಣಿ ಇಡಬಹುದು, ಭುಜ ಕೊಟ್ಟು ಎತ್ತಬಹುದು.

ನಲ್ಲಿಕೆಲಸ

ಕೆಳಗಿನದು ಮೊದಲು ಅನ್ನುವವನು ನಾನು. ಅದರ ಮೇಲೆ ಮರದ ತುಂಡು ನಿಲ್ಲಿಸಿ ಮೇಲಿನ ಬಾಕ್ಸನ್ನು ಅದರ ಮೇಲೆ ಕೂರಿಸಬಹುದು. ಒಬ್ಬರೇ ಇದ್ದರೂ ಆಗುತ್ತದೆ.

ಹಳೇಬಡಗಿ

ಇವರದು ಇಬ್ಬರ ಜೊತೆ, ನೇತು ಹಾಕುವ ಪಟ್ಟಿಯೂ ಬಂದಿದೆ ಅಂದುಕೊಳ್ಳುತ್ತೇನೆ. ಹಾಗಿದ್ದರೆ ಮೇಲಿನದು ಮೊದಲು. ಕೌಂಟರ್ ಮೇಲ್ಮೈಯಿಂದ 500ರಿಂದ 550 ಬಿಟ್ಟು ಬಾಕ್ಸ್‌ನ ತಳ ಬರಲಿ.

ಗೋಡೆ ಇಟ್ಟಿಗೆಯದಾ, ಟೊಳ್ಳು ಬೋರ್ಡಿನದಾ? ಇದು ಗೊತ್ತಾಗಬೇಕು. ಬೋರ್ಡಿನ ಗೋಡೆ ಆದರೆ ಒಳಗಿನ ಚೌಕಟ್ಟಿಗೇ ಸ್ಕ್ರೂ ಸಿಗಬೇಕು. ಬರೀ ಬೋರ್ಡಿಗೆ ಸಿಕ್ಕಿಸಿದರೆ ಪಾತ್ರೆ ತುಂಬಿದ ದಿನ ಕಿತ್ತು ಬರುತ್ತದೆ.

ಕೈಕೆಲಸ_ಖುಷಿ

ಇಟ್ಟಿಗೆ ಗೋಡೆ ಸರ್, ಮೇಲೆ ಸಿಮೆಂಟ್ ಗಾರೆ. ಪಟ್ಟಿ ಬಂದಿದೆ. ಪೊಟ್ಟಣದಲ್ಲಿ ಕೊಟ್ಟ ಸ್ಕ್ರೂ 40 ಮಿ.ಮೀ ಇದೆ. ಸಾಕಾ?

ಹಳೇಬಡಗಿ

ಸಾಲದು. ಗಾರೆಯೇ 15ರಿಂದ 20 ಇರುತ್ತದೆ. ಪ್ಲಗ್, ಅಂದರೆ ತೂತಿನೊಳಗೆ ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಕೊಳವೆ, ಗಾರೆ ದಾಟಿ ಇಟ್ಟಿಗೆಯೊಳಗೆ ಪೂರ್ತಿ ಕೂರಬೇಕು. ಗಾರೆಯಲ್ಲಿ ಕೂತ ಪ್ಲಗ್‌ಗೆ ಹಿಡಿತ ಇಲ್ಲ. 10 ಮಿ.ಮೀ ಪ್ಲಗ್, 80 ಮಿ.ಮೀ ಉದ್ದದ ಸ್ಕ್ರೂ ತನ್ನಿ. ಕೊರೆದ ತೂತಿನ ಧೂಳು ಊದಿ ತೆಗೆಯಿರಿ, ಧೂಳಿದ್ದರೆ ಪ್ಲಗ್ ತಿರುಗುತ್ತದೆ. ಇಟ್ಟಿಗೆಗಳ ನಡುವಿನ ಸಂದಿಗೆ ತೂತು ಬಿದ್ದರೆ ಅದನ್ನು ಬಿಟ್ಟು ಪಕ್ಕದಲ್ಲಿ ಇನ್ನೊಂದು ಹಾಕಿ. ಇದರಲ್ಲಿ ಮಾತ್ರ ಉಳಿತಾಯ ನೋಡಬೇಡಿ, ಕೆಳಗೆ ಮಕ್ಕಳು ಓಡಾಡುತ್ತಾರೆ.

ಕೈಕೆಲಸ_ಖುಷಿ

ಮೇಲಿನ ಐದೂ ನಿಂತವು! ಪಟ್ಟಿಗೆ ಕೊಕ್ಕೆ ಸಿಕ್ಕಿಸಿ ಬಿಟ್ಟ ತಕ್ಷಣ ಅದರಷ್ಟಕ್ಕೆ ಅದು ಕೂರುತ್ತದೆ. ಒಳಗಿನ ಸ್ಕ್ರೂ ತಿರುಗಿಸಿದರೆ ಬಾಕ್ಸ್ ಏರುತ್ತದೆ, ಇಳಿಯುತ್ತದೆ. ಇಷ್ಟು ಸುಲಭ ಅಂತ ಗೊತ್ತೇ ಇರಲಿಲ್ಲ.

ಕೆಳಗಿನವೂ ಕೂತವು. ಗೆರೆಗೆ ತಲೆ ತಾಗಿಸಿ, ಮುಂದೆ ಹುರಿ ಕಟ್ಟಿ, ಕ್ಲ್ಯಾಂಪ್ ಹಾಕಿ ಎರಡೆರಡನ್ನೇ ಬಿಗಿದೆವು. ಎರಡು ಹಲಗೆ ಸೇರಿ 36, ಅದಕ್ಕೆ 30 ಮಿ.ಮೀ ಸ್ಕ್ರೂ ಹಾಕಿದೆವು, ಆ ಕಡೆ ತುದಿ ಹೊರಗೆ ಬರಲಿಲ್ಲ. ತೂತುಗಳನ್ನು ಕೀಲಿನ ಪ್ಲೇಟ್ ಕೆಳಗೆ ಬರುವ ಹಾಗೆ ಹಾಕಿದೆವು, ಕಾಣುವುದೇ ಇಲ್ಲ.

ಉದ್ದದ ಗೋಡೆ ಕೊನೆಯಲ್ಲಿ ಸಂದಿ ಉಳಿಯಿತು. ಮೇಲೆ 54, ಕೆಳಗೆ 62.

ಹಳೇಬಡಗಿ

ಅದು ನಿಮ್ಮ ಮೊದಲ ದಿನದ ಅಳತೆಯೇ. 3004ರಲ್ಲಿ 2950 ಕಳೆಯಿರಿ, 54. 3012ರಲ್ಲಿ ಕಳೆಯಿರಿ, 62.

ಆ ಸಂದಿ ಇರಲೇಬೇಕು. ಗೋಡೆಗೆ ಒತ್ತಿ ಬಾಕ್ಸ್ ಇಟ್ಟರೆ ಶಟರ್ ಪೂರ್ತಿ ತೆರೆಯುವುದಿಲ್ಲ, ಹಿಡಿ ಗೋಡೆಗೆ ಬಡಿಯುತ್ತದೆ. ಶಟರ್ ಬಣ್ಣದ ಪಟ್ಟಿಯನ್ನು 70 ಅಗಲ ಇಟ್ಟುಕೊಂಡು, ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೋಡಿ ನೇರ ನಿಲ್ಲಿಸಿ. ಪಟ್ಟಿಯ ಅಂಚು ಗೋಡೆಗೆ ತಾಗಿರಲಿ. ಒಂದು ಚಿಕ್ಕ ಮರದ ತುಂಡಿಗೆ ಪೆನ್ಸಿಲ್ ಒತ್ತಿ ಹಿಡಿದು, ತುಂಡನ್ನು ಗೋಡೆಗೆ ಸವರುತ್ತಾ ಮೇಲಿಂದ ಕೆಳಗೆ ಎಳೆಯಿರಿ. ಗೋಡೆಯ ಸೊಟ್ಟ ಪೂರ್ತಿ ಪಟ್ಟಿಯ ಮೇಲೆ ಇಳಿಯುತ್ತದೆ. ಆ ಗೆರೆಗೆ ಕತ್ತರಿಸಿ, ಉಜ್ಜಿ. ಗೋಡೆಗೆ ಅಂಟಿಕೊಂಡು ಕೂರುತ್ತದೆ. ಈ ಕೆಲಸ ಮಾಡುವಾಗ ನನಗೆ ಇವತ್ತಿಗೂ ಸಂತೋಷ ಆಗುತ್ತದೆ.

ಕೈಕೆಲಸ_ಖುಷಿ

ಮಾಡಿದೆ ಸರ್. ಎರಡನೇ ಸಲಕ್ಕೆ ಸರಿಯಾಯಿತು. ಮೊದಲ ಪಟ್ಟಿಯಲ್ಲಿ ಗೆರೆಯ ಒಳಗೆ ಕತ್ತರಿಸಿಬಿಟ್ಟೆ. ಎರಡನೆಯದರಲ್ಲಿ ಗೆರೆ ಉಳಿಸಿ ಕತ್ತರಿಸಿ, ಉಜ್ಜಿ ಗೆರೆಗೆ ತಂದೆ.

ಈಗ ನನಗೆ ನಿಜವಾಗಿ ಭಯ ಇರುವ ಕೆಲಸ. ಕೌಂಟರ್ ಹಲಗೆ. ಮೂಲೆ ಜೋಡಣೆ ಮತ್ತು ಸಿಂಕ್ ತೂತು.

ಹಳೇಬಡಗಿ

ಮೂಲೆ ಜೋಡಣೆ ಮೂಲೆ ಬಾಕ್ಸ್ ಮೇಲೆ ಬರಲಿ. ಡಿಶ್‌ವಾಷರ್ ಮೇಲೆ ಮಾತ್ರ ಬರಬಾರದು, ಬಿಸಿ ಆವಿ ಸೇರಿ ಲ್ಯಾಮಿನೇಟ್ ಏಳುತ್ತದೆ. ಯಂತ್ರದ ಮೇಲೆ ಬರುವ ಹಲಗೆಯ ಕೆಳಗೆ ಆವಿ ತಡೆಯುವ ಪಟ್ಟಿ ಅಂಟಿಸಿ. ಬಹಳ ಯಂತ್ರಗಳ ಜೊತೆಗೇ ಬರುತ್ತದೆ.

ಜೋಡಣೆಗೆ ರೂಟರ್ (ಮರವನ್ನು ಆಕಾರಕ್ಕೆ ಕೊರೆಯುವ ಯಂತ್ರ) ಮತ್ತು ಅದಕ್ಕೆ ದಾರಿ ತೋರಿಸುವ ಅಚ್ಚು ಬೇಕು. ಅವೆರಡೂ ಇಲ್ಲದಿದ್ದರೆ ಎರಡೂ ಹಲಗೆಯನ್ನು ನೇರ ಕತ್ತರಿಸಿ ನಡುವೆ ಲೋಹದ ಪಟ್ಟಿ ಹಾಕಿ. ತಪ್ಪೇನಿಲ್ಲ, ಗಟ್ಟಿಯಾಗಿರುತ್ತದೆ.

ಗರಗಸದ ಹಲ್ಲು ಯಾವ ಕಡೆ ಕಚ್ಚುತ್ತದೆ ಅಂತ ನೋಡಿ. ಜಿಗ್‌ಸಾದ ಮಾಮೂಲಿ ಬ್ಲೇಡ್ ಮೇಲಕ್ಕೆ ಎಳೆಯುವಾಗ ಕಚ್ಚುತ್ತದೆ. ಹಲಗೆಯ ಮುಖ ಮೇಲಿದ್ದರೆ ಲ್ಯಾಮಿನೇಟ್ ಎದ್ದುಹೋಗುತ್ತದೆ. ಹಲಗೆ ಮಗುಚಿ ಹಿಂಬದಿಯಿಂದ ಕತ್ತರಿಸಿ, ಇಲ್ಲವೇ ಕೆಳಮುಖ ಹಲ್ಲಿನ ಬ್ಲೇಡ್ ಹಾಕಿ. ಮಗುಚಿದಾಗ ಗುರುತು ಎಡಬಲ ಆಗುತ್ತದೆ ಅನ್ನುವುದು ನೆನಪಿರಲಿ.

ಸಿಂಕ್ ತೂತಿನ ನಾಲ್ಕು ಮೂಲೆಗೆ ಮೊದಲು 12 ಮಿ.ಮೀ ದುಂಡು ತೂತು ಕೊರೆಯಿರಿ. ಮೂಲೆ ಚೂಪಾಗಿದ್ದರೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಕತ್ತರಿಸುವ ತುಂಡಿಗೆ ಕೆಳಗಿಂದ ಆಸರೆ ಕೊಡಿ. ಕೊನೆಯ ಒಂದು ಗೇಣು ಕತ್ತರಿಸುವಾಗ ತುಂಡು ಜೋತು ಬಿದ್ದು ಲ್ಯಾಮಿನೇಟ್ ಹರಿಯುತ್ತದೆ. ಅಷ್ಟು ಹೊತ್ತಿನ ಕೆಲಸ ಅಲ್ಲಿ ಹಾಳಾಗುವುದನ್ನು ಬಹಳ ಸಲ ನೋಡಿದ್ದೇನೆ.

ನಲ್ಲಿಕೆಲಸ

ನನ್ನ ಕಡೆಯಿಂದ ಒಂದೇ ಬೇಡಿಕೆ. ಕತ್ತರಿಸಿದ ಅಂಚಿಗೆ, ಸುತ್ತ, ಒಳಗೆ, ಒಂದು ಎಳೆಯೂ ಬಿಡದೆ ಸಿಲಿಕೋನ್ ಅಥವಾ ವಾರ್ನಿಷ್ ಬಳಿಯಿರಿ. ಬಳಿಯದ ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಉಬ್ಬುತ್ತದೆ. ಉಬ್ಬಿದ್ದು ಒಣಗಿದರೂ ಮತ್ತೆ ಇಳಿಯುವುದಿಲ್ಲ. ಸಿಂಕ್ ಸುತ್ತ ಹಲಗೆ ಕೊಳೆತ ಎಷ್ಟೋ ಮನೆಗಳಲ್ಲಿ ಪೈಪ್ ಸೋರಿರಲಿಲ್ಲ. ನಲ್ಲಿ ಬುಡದ ಚಿಕ್ಕ ತೂತಿನ ಅಂಚಿಗೆ ಬಳಿದಿರಲಿಲ್ಲ, ಅಷ್ಟೇ.

ಪೈಪ್ ವಿಷಯ. ನೀರು ಬರುವ ಬಾಯಿಗೆ ನೀರು ನಿಲ್ಲಿಸಲು ಒಂದೊಂದು ಬೀಗ ನಲ್ಲಿ (ವಾಲ್ವ್) ಹಾಕಿ, ಕೈಗೆ ಸಿಗುವ ಹಾಗೆ. ರಬ್ಬರ್ ವಾಷರ್ ಇರುವ ಮೆದು ಪೈಪ್‌ಗೆ ಟೆಫ್ಲಾನ್ ಟೇಪ್ ಬೇಡ, ಅಲ್ಲಿ ನೀರು ತಡೆಯುವುದು ರಬ್ಬರ್. ಜಾಸ್ತಿ ಬಿಗಿದರೆ ರಬ್ಬರ್ ಹರಿಯುತ್ತದೆ. ಡ್ರೇನ್ ಪೈಪ್ ಅಡ್ಡ ಹೋಗುವ ಕಡೆ ಪ್ರತಿ ಮೀಟರಿಗೆ 25 ಮಿ.ಮೀ ಇಳಿಜಾರು ಇರಲಿ. ಡಿಶ್‌ವಾಷರ್‌ನ ಕೊಳೆನೀರಿನ ಪೈಪನ್ನು ಹಲಗೆಯ ತಳದವರೆಗೆ ಎತ್ತಿ ಕಟ್ಟಿ, ಆಮೇಲೆ ಕೆಳಗೆ ತನ್ನಿ. ಇಲ್ಲದಿದ್ದರೆ ಸಿಂಕ್‌ನ ಕೊಳೆನೀರು ಯಂತ್ರಕ್ಕೆ ವಾಪಸ್ ಹೋಗಬಹುದು.

ಪರೀಕ್ಷೆ ಮಾಡುವಾಗ ನಲ್ಲಿ ಬಿಟ್ಟು ನೋಡಿದರೆ ಸಾಲದು. ಸಿಂಕ್ ಬಾಯಿತನಕ ತುಂಬಿಸಿ, ಒಮ್ಮೆಲೇ ಬಿಡಿ. ಆ ಒತ್ತಡಕ್ಕೆ ಸೋರದಿದ್ದರೆ ಮತ್ತೆ ಸೋರುವುದಿಲ್ಲ. ಪ್ರತಿ ಕೂಡಿಕೆ ಕೆಳಗೆ ಟಿಶ್ಯೂ ಕಾಗದ ಇಡಿ. ಕಣ್ಣಿಗೆ ಕಾಣದ ಹನಿ ಕಾಗದಕ್ಕೆ ಕಾಣುತ್ತದೆ.

ಕೈಕೆಲಸ_ಖುಷಿ

ಸಿಂಕ್ ತೂತು ಚೆನ್ನಾಗಿ ಬಂತು. ತಮ್ಮ ಕೆಳಗೆ ಕೂತು ತುಂಡನ್ನು ಕೈಯಲ್ಲಿ ಎತ್ತಿ ಹಿಡಿದಿದ್ದ. ಅಂಚಿಗೆ ಎರಡು ಸಲ ವಾರ್ನಿಷ್ ಬಳಿದು, ಒಂದು ರಾತ್ರಿ ಬಿಟ್ಟು, ಸಿಲಿಕೋನ್ ಹಾಕಿ ಸಿಂಕ್ ಕೂರಿಸಿದೆ. 24 ಗಂಟೆ ನೀರು ಮುಟ್ಟಿಸಲಿಲ್ಲ.

ನಲ್ಲಿಕೆಲಸ ಅಣ್ಣಾ, ನೀವು ಹೇಳಿದ ಹಾಗೆ ತುಂಬಿಸಿ ಬಿಟ್ಟೆ. ಒಂದು ಕಾಗದ ಒದ್ದೆಯಾಯಿತು. ಬಾಗು ಪೈಪ್‌ನ ಮೇಲಿನ ಕೂಡಿಕೆ. ಬಿಚ್ಚಿ ನೋಡಿದರೆ ವಾಷರ್ ತಲೆಕೆಳಗಾಗಿತ್ತು. ತಿರುಗಿಸಿ ಹಾಕಿದೆ. ಆಮೇಲೆ ಮೂರು ಸಲ ತುಂಬಿಸಿ ಬಿಟ್ಟೆ, ಎಲ್ಲಾ ಕಾಗದ ಒಣಗಿಯೇ ಇದ್ದವು. ಬರೀ ನಲ್ಲಿ ಬಿಟ್ಟು ನೋಡಿದ್ದಾಗ ಅದು ಸೋರಿರಲಿಲ್ಲ.

ಶಟರ್‌ಗಳು ಮಾತ್ರ ಮೇಲೆ ಕೆಳಗೆ ಕಾಣುತ್ತಿವೆ. ಸಾಲು ಸರಿ ಬಂದಿಲ್ಲ.

ಹಳೇಬಡಗಿ

ಈಗ ಬೇಡ. ಹಲಗೆ, ಸಿಂಕ್, ಪಾತ್ರೆ ಎಲ್ಲಾ ಭಾರ ಬೀಳಲಿ. ಒಂದು ವಾರ ಬಿಟ್ಟು ಮೊದಲು ಕಾಲುಗಳನ್ನು ನೋಡಿ, ಯಾವುದಾದರೂ ಕಾಲು ನೆಲಕ್ಕೆ ತಾಗದೆ ತೇಲುತ್ತಿದ್ದರೆ ಇಳಿಸಿ. ಆಮೇಲೆ ಶಟರ್.

ಕೀಲಿನಲ್ಲಿ ಸ್ಕ್ರೂಗಳಿವೆ. ಒಂದು ಶಟರ್ ಅನ್ನು ಎಡಬಲ ಸರಿಸುತ್ತದೆ, ಒಂದು ಮುಂದೆ ಹಿಂದೆ, ಇನ್ನೊಂದು ಮೇಲೆ ಕೆಳಗೆ. ಮೊದಲು ಮೇಲೆ ಕೆಳಗೆ ಸರಿ ಮಾಡಿ. ಆಮೇಲೆ ಎಡಬಲ, ಎರಡು ಶಟರ್ ನಡುವೆ 3 ಮಿ.ಮೀ ಬರಲಿ. ಒಂದು ಸಲಕ್ಕೆ ಕಾಲು ಸುತ್ತು ತಿರುಗಿಸಿ, ದೂರ ನಿಂತು ನೋಡಿ, ಮತ್ತೆ ಬನ್ನಿ.

ಮೂಲೆಮನೆ

ಹಲಗೆ ಗೋಡೆಗೆ ಸೇರುವ ಕಡೆ ಗಾರೆಯಿಂದ ತುಂಬಬೇಡಿ. ಟೈಲ್ಸ್ ಬಂದ ಮೇಲೆ ಸಿಲಿಕೋನ್ ಗೆರೆ ಎಳೆಯಿರಿ. ನಮ್ಮಲ್ಲಿ ಗ್ರೌಟ್ ಹಾಕಿದ್ದೆ. ಆರು ತಿಂಗಳಲ್ಲಿ ಉದ್ದಕ್ಕೆ ಸೀಳಿತು. ಹಲಗೆ ಒಂದು ರೀತಿ ಅಲ್ಲಾಡುತ್ತದೆ, ಗೋಡೆ ಇನ್ನೊಂದು ರೀತಿ.

ಕೈಕೆಲಸ_ಖುಷಿ

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಗೋಡೆ ಟೈಲ್ಸ್ ಆಯಿತು. 11 ಮಿ.ಮೀ ಸಂದಿ ಹಳೇಬಡಗಿ ಸರ್ ಹೇಳಿದ ಹಾಗೆ ಟೈಲ್ಸ್ ಕೆಳಗೆ ಮುಚ್ಚಿಹೋಯಿತು. ಅಲ್ಲಿ ಸಂದಿ ಇತ್ತು ಅಂತ ಈಗ ತೋರಿಸಲೂ ಆಗುವುದಿಲ್ಲ. ಸಿಲಿಕೋನ್ ಹಾಕಿದೆ ಅಕ್ಕ.

ಶಟರ್ ಸರಿ ಮಾಡಲು ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಸಿಂಕ್ ಬಾಕ್ಸ್‌ನ ಒಂದು ಕಾಲು ನೀವು ಹೇಳಿದ ಹಾಗೆ ತೇಲುತ್ತಿತ್ತು. ಅದನ್ನು ಇಳಿಸಿದ ಮೇಲೆ ಪಕ್ಕದ ಎರಡು ಶಟರ್ ತಾವೇ ಸಾಲಿಗೆ ಬಂದವು. ಈಗ ಮೂಲೆಯಲ್ಲಿ ನಿಂತು ನೋಡಿದರೆ ಎರಡೂ ಸಾಲು ನೂಲು ಹಿಡಿದ ಹಾಗೆ ಕಾಣುತ್ತವೆ.

ಕೆಳಗಿನ ಸ್ಕರ್ಟಿಂಗ್ ಪಟ್ಟಿಗೆ ಅಂಟು ಹಾಕದೆ ಬರೀ ಕ್ಲಿಪ್ ಹಾಕಿದ್ದೇನೆ. ಆಗಾಗ ತೆಗೆದು ಟಾರ್ಚ್ ಬಿಟ್ಟು ಪೈಪ್ ನೋಡುತ್ತೇನೆ. 1000ದ ಗೆರೆ ಟೈಲ್ಸ್ ಹಿಂದೆ ಹೋಯಿತು. ತೆರೆದ ತುದಿಯ ಗೋಡೆಯಲ್ಲಿ ಮಾತ್ರ ಒಂದು ಗೇಣು ಉಳಿದಿದೆ. ಬಣ್ಣ ಬಳಿಯುವವರಿಗೆ ಅದನ್ನು ಬಿಟ್ಟು ಬಳಿಯಿರಿ ಅಂತ ಹೇಳಿದ್ದೇನೆ.